ತೀರ್ಥಹಳ್ಳಿ ಕಡೆ ಎ-ಫ್ರೇಮ್ ಕಿಟ್ ಮನೆ: ಖಾಯಂ ಇರೋಕೆ ಆಗುತ್ತಾ, ದುಡ್ಡು ನಿಜವಾಗ್ಲೂ ಉಳಿಯುತ್ತಾ?

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಾವು ಈಗ ಬೆಂಗಳೂರಲ್ಲಿ ಬಾಡಿಗೆ ಮನೇಲಿದೀವಿ, ನಾನು, ಹೆಂಡ್ತಿ, ಮೂರನೇ ಕ್ಲಾಸ್ ಓದೋ ಮಗಳು. ನಂಗೆ ವರ್ಕ್ ಫ್ರಮ್ ಹೋಮ್ ಖಾಯಂ ಆಯ್ತು, ಹಾಗಾಗಿ ಊರಿಗೆ ಹೋಗಿ ಇರೋಣ ಅಂತ ಇಬ್ರೂ ಗಟ್ಟಿ ಮನಸ್ಸು ಮಾಡಿದೀವಿ. ತೀರ್ಥಹಳ್ಳಿ ಹತ್ರ ಅಪ್ಪನ ಪಾಲಿಗೆ ಬಂದಿದ್ದ ಎಂಟು ಗುಂಟೆ ಜಾಗ ಇದೆ, ಸ್ವಲ್ಪ ಇಳಿಜಾರು, ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ. ಅಲ್ಲಿದ್ದ ಹಳೇ ಮನೆ ಬಿದ್ದೋಗಿದೆ, ಅದರ ಪಂಚಾಯ್ತಿ ಖಾತೆ ಮಾತ್ರ ನಮ್ಮ ಹೆಸರಿಗೇ ಇದೆ. ಅಮ್ಮ ಈಗ ಅಕ್ಕನ ಮನೇಲಿದಾರೆ, ಮನೆ ಆದ್ರೆ ನಮ್ ಜೊತೆ ಬರ್ತಾರೆ, ಅವರಿಗೆ ಮಂಡಿ ನೋವು.

ಎಲ್ಲಾ ಸೇರಿ ಕೈಯಲ್ಲಿರೋದು 14 ಲಕ್ಷ, ಅದ್ರಾಚೆ ಸಾಲ ಆದಷ್ಟು ಬೇಡ ಅಂತ. ಯೂಟ್ಯೂಬಲ್ಲಿ ಎ-ಫ್ರೇಮ್ ಮನೆಗಳನ್ನ ನೋಡಿ ನೋಡಿ ಇದೇ ಸರಿ ಅನಿಸ್ತಿದೆ, ಗೋಡೆನೇ ಇಲ್ಲ, ಮಾಡೇ (ಚಾವಣಿನೇ) ನೆಲದ ತನಕ ಬರುತ್ತೆ, ನಮ್ ಮಳೆಗೆ ಇದಕ್ಕಿಂತ ಒಳ್ಳೇದು ಯಾವ್ದಿದೆ ಅಂತ. ಕಾರ್ಖಾನೇಲಿ ಭಾಗ ಮಾಡಿ ತಂದು ಜಾಗದಲ್ಲಿ ಜೋಡಿಸೋ ಕಿಟ್ (ಪ್ರಿಫ್ಯಾಬ್) ಮನೆಗೆ ಒಂದು ಕಂಪನಿ ಹತ್ರ ಕೊಟೇಶನ್ ತಗೊಂಡೆ: ಅಗಲ 20 ಅಡಿ, ಉದ್ದ 24 ಅಡಿ, ಸ್ಟೀಲ್ ಫ್ರೇಮು, ಪಫ್ ಪ್ಯಾನೆಲ್ಲು (ಎರಡು ಶೀಟಿನ ನಡುವೆ ಫೋಮ್ ಇರೋದು), ಮುಂಭಾಗ ಪೂರ್ತಿ ಗಾಜು, ಮೇಲೆ ಅಟ್ಟದಲ್ಲಿ ಬೆಡ್ರೂಮು. ಚದರಡಿಗೆ 1,900 ಅಂತೆ, 480 ಚದರಡಿಗೆ 9 ಲಕ್ಷದ 12 ಸಾವಿರ. ಎರಡು ತಿಂಗಳೊಳಗೆ ನಿಲ್ಲಿಸಿಕೊಡ್ತೀವಿ ಅಂತಾರೆ.

ಕೇಳ್ಬೇಕಿರೋದು ಇಷ್ಟೇ. ಹೋಂಸ್ಟೇ ಅಲ್ಲ, ನಾಲ್ಕು ಜನ ವರ್ಷಪೂರ್ತಿ ಇರೋ ಮನೆ ಇದು, ಆಗುತ್ತಾ? ಮಾಮೂಲಿ ಮನೆಗಿಂತ ನಿಜವಾಗ್ಲೂ ಅಗ್ಗನಾ? ಪ್ರಿಫ್ಯಾಬ್ ಅಂದ್ರೆ ಪರ್ಮಿಷನ್ ಬೇಡ ಅಂತ ಒಬ್ರು ಹೇಳಿದ್ರು, ಹೌದಾ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಮೇಸ್ತ್ರಿಮಗ_ಸಿವಿಲ್:

ಸರ್ ನಾನು ಶಿವಮೊಗ್ಗದಲ್ಲಿ ಸಿವಿಲ್ ಕೆಲಸ ಮಾಡ್ತೀನಿ, ಕಿಟ್ ಮಾರೋನೂ ಅಲ್ಲ ಅದರ ವಿರೋಧಿನೂ ಅಲ್ಲ. ಮೊದ್ಲು ಆ 480 ಚದರಡಿ ಅನ್ನೋ ಲೆಕ್ಕನ ಒಡೆದು ನೋಡಿ. ಅದು ನೆಲದ ಅಳತೆ, ನೀವು ಓಡಾಡೋ ಜಾಗದ ಅಳತೆ ಅಲ್ಲ.

20 ಅಡಿ ಅಗಲಕ್ಕೆ 60 ಡಿಗ್ರಿ ಮಾಡು ಇಟ್ರೆ ತುದಿ ಎತ್ತರ 17 ಅಡಿ ಚಿಲ್ರೆ ಬರುತ್ತೆ. ಎರಡೂ ಕಡೆ ಮಾಡು ಒಳಕ್ಕೆ ವಾಲಿರೋದ್ರಿಂದ ನೆಲದಿಂದ 5 ಅಡಿ ಮೇಲೆ ಅಗಲ 14 ಅಡಿಗೆ ಇಳಿಯುತ್ತೆ, 7 ಅಡಿ ಮೇಲೆ 12 ಅಡಿಗೆ. ಅಂದ್ರೆ ತಲೆ ಬಗ್ಗಿಸದೆ ಕೆಲಸ ಮಾಡೋ ಜಾಗ 290 ಚದರಡಿ ಒಳಗೆ. ಬಗ್ಗಿ ಕೂತು ಉಪಯೋಗಿಸೋ ಜಾಗ ಸೇರಿಸಿದ್ರೂ 340ರ ಹತ್ರ ನಿಲ್ಲುತ್ತೆ. ಉಳಿದ 140 ಚದರಡಿ ಮೂಲೆಗೆ ದುಡ್ಡು ಪೂರ್ತಿ ಕೊಟ್ಟಿರ್ತೀರಿ, ಅಲ್ಲಿ ಚೀಲ, ಪೆಟ್ಟಿಗೆ, ಹಾಸಿಗೆ ತಳ್ಳಬಹುದು ಅಷ್ಟೇ.

ಅಟ್ಟದ ಕಥೆ ಇನ್ನೂ ಕಷ್ಟ. 8 ಅಡಿ ಎತ್ತರಕ್ಕೆ ಅಟ್ಟದ ನೆಲ ಹಾಕಿದ್ರೆ ಅದರ ಅಗಲ 10 ಮುಕ್ಕಾಲು ಅಡಿ, ಕೇಳೋಕೆ ಚೆನ್ನಾಗಿದೆ, ಆದ್ರೆ ಮೇಲೆ ನಿಂತ್ರೆ 6 ಅಡಿ ಎತ್ತರ ಸಿಗೋದು ನಡುವೆ 4 ಅಡಿ ಅಗಲದಲ್ಲಿ ಮಾತ್ರ. ಮಲಗಬಹುದು, ಸೀರೆ ಉಡೋಕೆ ಆಗಲ್ಲ. ಮಂಡಿ ನೋವಿರೋ ಅಮ್ಮನಿಗೆ ಆ ಏಣಿ ಆಗಲ್ಲ, ಸೋ ಅವರ ಕೋಣೆ ಕೆಳಗೇ ಬೇಕು. ಆಮೇಲೆ 290 ಚದರಡಿಲಿ ಅಡುಗೆಮನೆ, ಬಾತ್ರೂಮು, ಅಮ್ಮನ ಕೋಣೆ, ನಿಮ್ಮ ಆಫೀಸ್ ಟೇಬಲ್ಲು ನಾಲ್ಕೂ ಹೊಂದಿಸಬೇಕು. ಪೇಪರ್ ಮೇಲೆ ಒಂದ್ಸಲ ಬರೆದು ನೋಡಿ.

ಈಗ ದುಡ್ಡು. ಪ್ರಿಫ್ಯಾಬ್ ಕಿಟ್‌ಗೆ 18% ಜಿಎಸ್‌ಟಿ, ಕೊಟೇಶನ್ ಕೆಳಗೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತೆ ನೋಡಿ. 9.12 ಲಕ್ಷ ಅನ್ನೋದು 10 ಲಕ್ಷದ 76 ಸಾವಿರ ಆಯ್ತು. ಅದನ್ನ 340 ಚದರಡಿಗೆ ಹಂಚಿದ್ರೆ ಚದರಡಿಗೆ 3,150 ದಾಟುತ್ತೆ. ನಮ್ ಕಡೆ ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು ಹಾಕಿ ಆಡಂಬರ ಇಲ್ಲದ ಮನೆಗೆ ಚದರಕ್ಕೆ (ನೂರು ಚದರಡಿಗೆ) 2 ಲಕ್ಷದ ಆಸುಪಾಸಲ್ಲಿ ನಾನೇ ಕೆಲಸ ಮಾಡಿಸ್ತಿದೀನಿ, ಅದ್ರಲ್ಲಿ ವೈರಿಂಗು, ನಲ್ಲಿ, ಅಡುಗೆ ಕಟ್ಟೆ ಎಲ್ಲಾ ಸೇರಿರುತ್ತೆ. ಕಿಟ್‌ನಲ್ಲಿ ಏನೇನು ಇಲ್ಲ ಅಂತ ಕೇಳಿದೀರಾ? ಸಾಮಾನ್ಯವಾಗಿ ಪಾಯ ಇರಲ್ಲ, ಸೆಪ್ಟಿಕ್ ಟ್ಯಾಂಕ್ ಇರಲ್ಲ, ನೀರಿನ ಲೈನ್ ಇರಲ್ಲ, ಬಾತ್ರೂಮ್ ಟೈಲ್ಸ್ ಇರಲ್ಲ, ಲಾರಿ ಬಾಡಿಗೆ ಬೇರೆ, ಕ್ರೇನ್ ಬೇಕಾದ್ರೆ ಅದೂ ಬೇರೆ, ನಿಮ್ಮ ರಸ್ತೆಗೆ ಉದ್ದ ಲಾರಿ ಬರಲ್ಲ ಅಂದ್ರೆ ಸಣ್ಣ ಗಾಡಿಗೆ ಇಳಿಸಿ ಹತ್ತಿಸೋ ಕೂಲಿ ಇನ್ನೂ ಬೇರೆ. 14 ಲಕ್ಷದ ಒಳಗೆ ಇದು ಮುಗಿಯೋದು ನಂಗಂತೂ ಕಾಣ್ತಿಲ್ಲ.

ಆಗುಂಬೆಮಳೆ:

ಮೇಲಿನವ್ರು ಲೆಕ್ಕ ಹೇಳಿದಾರೆ, ನಾನು ಮಳೆ ಬಗ್ಗೆ ಹೇಳ್ತೆ. ಮಾಡು ಕಡಿದಾಗಿದ್ರೆ ನೀರು ನಿಲ್ಲೂದಿಲ್ಲ, ಅದು ಸರಿ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಹೊಡೀತದೆ, ತೀರ್ಥಹಳ್ಳಿ ಪೇಟೇಲಿ ಅಷ್ಟಿಲ್ಲ, ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಸೂರ್ಯ ಕಾಣೂದು ಕಷ್ಟ. ಸೋರೂದು ಮಾತ್ರ ತೊಂದ್ರೆ ಅಂದ್ಕಳೂದು ಬೇಡಿ, ನಮಗೆ ಅದಕ್ಕಿಂತ ದೊಡ್ಡ ತೊಂದ್ರೆ ಎರಚಲು. ಗಾಳಿ ಬಂದಾಗ ಮಳೆ ಮೇಲಿಂದ ಬೀಳೂದಿಲ್ಲ ಮಾರಾಯ್ರೆ, ಅಡ್ಡಕ್ಕೆ ಬರ್ತದೆ. ಎ-ಫ್ರೇಮಲ್ಲಿ ಎರಡು ಪಕ್ಕಕ್ಕೆ ಮಾಡು ಇದೆ, ಮುಂದೆ ಹಿಂದೆ ಎಂತ ಇದೆ? ಬರೀ ಗಾಜು. ಸೂರು ಮುಂದಕ್ಕೆ ಚಾಚಿರೂದಿಲ್ಲ, ಜಗಲಿ ಇಲ್ಲ. ಆ ಗಾಜು ಪಶ್ಚಿಮಕ್ಕೋ ನೈಋತ್ಯಕ್ಕೋ ಮುಖ ಮಾಡಿದ್ರೆ ಮಳೆಗಾಲ ಪೂರ್ತಿ ಅದರ ಸಂದಿಯಿಂದ ನೀರು ಒಳಗೇ. ನಮ್ ಹಿರಿಯರು ಅಷ್ಟುದ್ದ ಸೂರು ಇಳಿಸಿ, ಅದು ಸಾಲದು ಅಂತ ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ತಿದ್ದದ್ದು ಸುಮ್ಮನೆ ಅಲ್ಲ.

ಎರಡನೇದು ಥಂಡಿ. ಪಕ್ಕದಲ್ಲಿ ಕಿಟಕಿ ಇಲ್ಲ, ಅಡ್ಡಗಾಳಿ ಆಡೂದಿಲ್ಲ. ಮೂರು ದಿನಕ್ಕೆ ಬಟ್ಟೆಗೆ ಬೂಸಲು, ಚಪ್ಪಲಿಗೆ ಬೂಸಲು, ಮಗು ಪುಸ್ತಕಕ್ಕೂ ಬೂಸಲು. ಹಳೇ ಮನೇಲಿ ಒಲೆ ಉರೀತಿತ್ತು, ಅದರ ಬಿಸಿ ಹೊಗೆ ಅಟ್ಟ ಮಾಡು ಎಲ್ಲಾ ಒಣಗಿಸ್ತಿತ್ತು, ಈಗ ಗ್ಯಾಸು. ಕಿಟ್ಟೇ ಹಾಕ್ತೀರಿ ಅಂದ್ರೆ ಮಾಡಿನ ತುದೀಲಿ ಗಾಳಿ ಹೋಗೂಕೆ ದಾರಿ ಬಿಡಿಸ್ಲೇಬೇಕು, ಕೆಳಗೆ ಗಾಳಿ ಒಳಗೆ ಬರೂಕೂ ದಾರಿ ಬೇಕು.

ಪೈನ್ ಮರದ ಕಿಟ್ ಅಂತ ಕೆಲವ್ರು ಮಾರ್ತಾರೆ. ವರಲೆ (ಗೆದ್ದಲು) ಅದನ್ನ ಬಿಡೂದಿಲ್ಲ. ಸ್ಟೀಲ್ ಹೇಳಿದ್ದು ಒಳ್ಳೇದೇ ಮಾಡಿದ್ರಿ. ಹಾಂ, ಶೀಟಿನ ಮೇಲೆ ಮಳೆ ಸದ್ದು ಗೊತ್ತಲ್ಲ, ಪಫ್ ಇದ್ರೆ ಸುಮಾರು ಕಮ್ಮಿ ಆಗ್ತದೆ, ಆದ್ರೆ ನಿಮ್ಗೆ ಮಾಡೇ ಗೋಡೆ, ಕಿವಿ ಪಕ್ಕದಲ್ಲೇ ಹೊಡೀತಿರ್ತದೆ, ಮೀಟಿಂಗಲ್ಲಿ ಮಾತಾಡೋರಿಗೆ ಕಷ್ಟ.

ಇನ್ನೊಂದು, ಯಾರೂ ಹೇಳೂದಿಲ್ಲ. ವಾಲಿದ ಗೋಡೆಗೆ ಬೀರು ತಾಗಿಸಿ ಇಡೂಕಾಗೂದಿಲ್ಲ. ದೇವರ ಫೋಟೋ ನೇತು ಹಾಕೂಕಾಗೂದಿಲ್ಲ, ಕ್ಯಾಲೆಂಡರ್ ಸಹ ಇಲ್ಲ. ನಿಮ್ಮ ಅಮ್ಮ ಬಂದು ಮೊದ್ಲು ಕೇಳೂದು ದೇವರ ಮೂಲೆ ಎಲ್ಲಿ ಅಂತ.

ಕ್ಯಾಸ್ಕೇಡ್_ಕನ್ನಡತಿ:

ನಾನಿರೋದು ಅಮೆರಿಕದ ವಾಷಿಂಗ್ಟನ್ ಸ್ಟೇಟಲ್ಲಿ, ಇಲ್ಲಿ ಬೆಟ್ಟದ ಕಡೆ ಎ-ಫ್ರೇಮ್ ತುಂಬಾ ಇದಾವೆ, ನಮ್ಮ ಫ್ರೆಂಡ್ಸ್ ಫ್ಯಾಮಿಲಿ ಒಂದು ಕಿಟ್ ತಗೊಂಡು ಕಟ್ಟಿಸಿದ್ದನ್ನ ಹತ್ರದಿಂದ ನೋಡಿದೀನಿ ಅದಕ್ಕೆ ಬರೀತಿದೀನಿ.

ಇದು ಹುಟ್ಟಿದ್ದೇ ರಜಾದಿನದ ಮನೆಯಾಗಿ, ಅದನ್ನ ಮರೀಬೇಡಿ. 1934ರಲ್ಲಿ ಆರ್ಕಿಟೆಕ್ಟ್ ಷಿಂಡ್ಲರ್ ಕ್ಯಾಲಿಫೋರ್ನಿಯಾದ ಲೇಕ್ ಆರೋಹೆಡ್ ಹತ್ರ ಒಂದು ಕ್ಯಾಬಿನ್ ಕಟ್ಟಿದ್ರು, 1955ರಲ್ಲಿ ಆಂಡ್ರ್ಯೂ ಗೆಲ್ಲರ್ ಲಾಂಗ್ ಐಲ್ಯಾಂಡ್ ಸಮುದ್ರದಂಡೇಲಿ ಒಂದು ಕಟ್ಟಿದ್ರು, ಅದರ ಸುದ್ದಿ ಪೇಪರಲ್ಲಿ ಬಂದ್ಮೇಲೆ ಕ್ರೇಜ್ ಶುರುವಾಯ್ತು. ಎರಡನೇ ಮಹಾಯುದ್ಧ ಮುಗಿದು ಜನರ ಕೈಲಿ ದುಡ್ಡು, ಕಾರು, ವೀಕೆಂಡ್ ಎಲ್ಲಾ ಬಂದಿತ್ತು, ಊರಲ್ಲಿ ಒಂದು ಮನೆ ಇದ್ದೋರು ಬೆಟ್ಟದಲ್ಲಿ ಎರಡನೇದು ಅಂತ ಕಿಟ್ ತರಿಸಿ ತಾವೇ ಹಾಕ್ಕೊಳ್ತಿದ್ರು. ಹಿಮ ಜಾರಿ ಬೀಳಲಿ ಅಂತ ಆ ಕಡಿದಾದ ಮಾಡು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಈಗ ಮನೆ ರೇಟು ಕೈಗೆಟುಕದ ಹಾಗಾಗಿರೋದ್ರಿಂದ ಡೆನ್ ಔಟ್‌ಡೋರ್ಸ್, ಎಸ್ಟೋನಿಯಾ ಮೂಲದ ಅವ್ರೇಮ್ ಇಂಥ ಕಂಪನಿಗಳ ಪ್ಲಾನು, ಕಿಟ್ಟು ನೋಡಿ ಹುಡುಗ್ರು ಇದೇ ನಮ್ಮ ಮೊದಲ್ನೇ ಮನೆ ಆಗ್ಲಿ ಅಂತ ಆಸೆ ಪಡ್ತಾರೆ. ಆ ಆಸೆ ತಪ್ಪಲ್ಲ, ಬಾಡಿಗೆ ಕಟ್ಟಿ ಕಟ್ಟಿ ಸೋತೋರಿಗೆ ಅದು ದೊಡ್ಡ ಭರವಸೆ.

ಆದ್ರೆ ಇಲ್ಲೂ ಅದೇ ಕಥೆ, ಕಿಟ್ ಅಂದ್ರೆ ಹೊರಗಿನ ಚಿಪ್ಪು. ಫೌಂಡೇಶನ್, ಬಾವಿ, ಸೆಪ್ಟಿಕ್, ಕರೆಂಟ್ ಕಂಬದಿಂದ ಲೈನು, ಪರ್ಮಿಟ್ಟು, ಒಳಗಿನ ಕೆಲಸ ಇವೆಲ್ಲ ಕಿಟ್ ರೇಟನ್ನೇ ಮೀರಿಸಿಬಿಡುತ್ತೆ. ಫ್ರೆಂಡ್ಸ್‌ಗೆ ಬ್ಯಾಂಕ್ ಸಾಲದಲ್ಲೂ ಸುಲಭ ಆಗ್ಲಿಲ್ಲ, ಅಕ್ಕಪಕ್ಕದಲ್ಲಿ ಅಂಥದ್ದೇ ಮನೆ ಮಾರಾಟ ಆಗಿರೋ ರೇಟ್ ಸಿಗದೆ ಬೆಲೆ ಕಟ್ಟೋದೇ ಕಷ್ಟ ಆಯ್ತು. ಇಲ್ಲಿನ ರೆಸಿಡೆನ್ಷಿಯಲ್ ಕೋಡಲ್ಲಿ ಒಂದು ರೂಲ್ ಇದೆ ನಂಗೆ ತುಂಬಾ ಇಷ್ಟ: ರೂಮಿಗೆ ಕನಿಷ್ಠ 70 ಚದರಡಿ ಬೇಕು, ಅದರಲ್ಲಿ ಅರ್ಧದಷ್ಟು ಜಾಗಕ್ಕಾದ್ರೂ 7 ಅಡಿ ಎತ್ತರ ಇರ್ಬೇಕು, 5 ಅಡಿಗಿಂತ ತಗ್ಗಿರೋ ಜಾಗನ ಆ ಲೆಕ್ಕಕ್ಕೇ ಹಿಡಿಯಲ್ಲ. ಮೇಲೆ ಸಿವಿಲ್ ಅಣ್ಣ ಹೇಳಿದ್ದೂ ಅದನ್ನೇ. ನೀವೂ ಯಾವ ಕಂಪನಿಗಾದ್ರೂ "5 ಅಡಿಗಿಂತ ಎತ್ತರ ಇರೋ ಜಾಗ ಎಷ್ಟು, ಅದನ್ನ ಬರೆದುಕೊಡಿ" ಅಂತ ಕೇಳಿ.

ಇನ್ನೊಂದು, ಅಟ್ಟದಲ್ಲಿ ಮಲಗೋರ ಕಥೆ. ಬಿಸಿ ಎಲ್ಲಾ ಮೇಲಕ್ಕೇ ಹೋಗುತ್ತೆ, ಇಲ್ಲಿನ ಚಳೀಲೂ ಕೆಳಗೆ ಕೂತೋರು ಸ್ವೆಟರ್ ಹಾಕ್ಕೊಂಡಿದ್ರೆ ಮೇಲಿನೋರು ಕಿಟಕಿ ತೆಗೀತಾರೆ. ಏಪ್ರಿಲ್ ಬಿಸಿಲಲ್ಲಿ ನಿಮ್ಮ ಕಡೆ ಯೋಚ್ನೆ ಮಾಡಿ.

ಕಾಫಿಕಣಿವೆ:

ಎಲ್ರೂ ಬೇಡ ಬೇಡ ಅಂತಿದಾರೆ, ನಾನು ಸ್ವಲ್ಪ ಆ ಕಡೆ ಮಾತಾಡ್ತೀನಿ. ಸಕಲೇಶಪುರದ ಹತ್ರ ನಮ್ಮ ತೋಟದಲ್ಲಿ ಗೆಸ್ಟ್‌ಗಳಿಗೆ ಅಂತ ಎ-ಫ್ರೇಮ್ ಹಾಕಿಸಿದೀವಿ, ಚೆನ್ನಾಗಿ ನಡೀತಿದಾವೆ. ನಂಗೆ ಇದರಲ್ಲಿ ಬಹಳ ಬೆಲೆ ಅನ್ಸೋದು ಒಂದೇ ವಿಷಯ, ಗುಡ್ಡ ಕಡಿಯೋದೇ ಬೇಕಾಗಲ್ಲ. ಮಾಮೂಲಿ ಮನೆ ಅಂದ್ರೆ ನಮ್ ಜನ ಏನ್ಮಾಡ್ತಾರೆ, ಜೆಸಿಬಿ ತಂದು ಇಳಿಜಾರನ್ನ ಸೀಳಿ ಸಪಾಟು ಮಾಡ್ತಾರೆ, ಹಿಂದೆ ಹತ್ತಾರು ಅಡಿ ಮಣ್ಣಿನ ಗೋಡೆ ಬೆತ್ತಲೆ ನಿಂತಿರುತ್ತೆ, ಆಗಸ್ಟಲ್ಲಿ ಅದು ಮನೆ ಮೇಲೇ ಕೂರುತ್ತೆ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದದ್ದನ್ನ ಕಣ್ಣಾರೆ ನೋಡಿದೀನಿ, ಆಮೇಲಿಂದ ಇಳಿಜಾರಲ್ಲಿ ಜೆಸಿಬಿ ಅಂದ್ರೆ ನಂಗೆ ಎದೆ ನಡುಗುತ್ತೆ. ತುಂಗಾತೀರ ಅವ್ರೇ, ನೀವು ಹಿಂದೆ ಗುಡ್ಡ ಅಂದ್ರಲ್ಲ, ದಯವಿಟ್ಟು ಯಾವ ಮನೆ ಕಟ್ಟಿದ್ರೂ ಅದನ್ನ ಕಡೀಬೇಡಿ. ಹಗುರ ಮನೆಯನ್ನ ಕಾಂಕ್ರೀಟ್ ಕಂಬದ ಮೇಲೆ ನಿಲ್ಲಿಸಬಹುದು, ಇಳಿಜಾರು ಹಾಗೇ ಇರುತ್ತೆ, ಮಳೆ ನೀರು ಅಡೀಲಿ ಹರಿದು ಹೋಗುತ್ತೆ.

ಬೇಗ ಆಗೋದೂ ಸುಳ್ಳಲ್ಲ. ನಮ್ಮ ಕಡೆ ಗಾರೆ ಕೆಲಸದವ್ರು ಸಿಗೋದೇ ಕಷ್ಟ, ಅಡಿಕೆ ಕಾಫಿ ಕೊಯ್ಲು ಬಂದ್ರೆ ಕೇಳೋದೇ ಬೇಡ. ಬೆಂಗಳೂರಲ್ಲಿ ಬಾಡಿಗೆ ಕಟ್ಕೊಂಡು ಇಲ್ಲಿ ಮನೆ ವರ್ಷಗಟ್ಟಲೆ ಎಳೆದ್ರೆ ಆ ಬಾಡಿಗೆನೂ ಮನೆ ಖರ್ಚಿಗೇ ಸೇರ್ಬೇಕಲ್ವಾ? ಒಬ್ರೋ ಇಬ್ರೋ ಇರೋರಿಗೆ, ಗಟ್ಟಿ ಮೊಣಕಾಲು ಇರೋರಿಗೆ, ಸಾಮಾನು ಕಮ್ಮಿ ಇರೋರಿಗೆ ಇದು ಒಳ್ಳೇ ಮನೆ. ನಾಲ್ಕು ಜನಕ್ಕೆ, ಅದರಲ್ಲೂ ವಯಸ್ಸಾದೋರಿಗೆ, ನಾನೂ ಹೇಳಲ್ಲ.

ಮತ್ತೆ ಗಾಳಿ. ಹಗುರ ಕಟ್ಟಡ, ಎರಡೂ ಕಡೆ ದೊಡ್ಡ ಮಾಡು, ಗಾಳಿ ಒತ್ತೋದೂ ಎತ್ತೋದೂ ಎರಡೂ ಜಾಸ್ತಿ. ಫ್ರೇಮಿನ ಕಾಲು ಪಾಯಕ್ಕೆ ಬೋಲ್ಟಲ್ಲಿ ಹೇಗೆ ಕೂರ್ತಿದೆ ಅನ್ನೋದನ್ನ ನಿಂತು ನೋಡಿ. ಇಂಜಿನಿಯರ್ ಸಹಿ ಇರೋ ಡ್ರಾಯಿಂಗ್ ಕೊಡಲ್ಲ ಅಂದ್ರೆ ಅಂಥವ್ರ ಹತ್ರ ಮಾತೇ ಬೇಡ.

ಪಂಚಾಯ್ತಿಕಟ್ಟೆ:

ಪರ್ಮಿಷನ್ ಬೇಡ ಅನ್ನೋದು ತಪ್ಪು ಮಾಹಿತಿ. ಬಿಚ್ಚಿ ತಗೊಂಡು ಹೋಗಬಹುದು ಅಂದ ಮಾತ್ರಕ್ಕೆ ಮನೆ ಅಲ್ಲ ಅಂತ ಆಗಲ್ಲ. ಪಂಚಾಯ್ತಿ ವ್ಯಾಪ್ತೀಲಿ ಕಟ್ಟಡ ಕಟ್ಟೋಕೆ 1993ರ ಪಂಚಾಯತ್ ರಾಜ್ ಕಾಯ್ದೆ ಸೆಕ್ಷನ್ 64ರ ಪ್ರಕಾರ ಅನುಮತಿ ಬೇಕು, ಅದ್ರಲ್ಲಿ ಇಟ್ಟಿಗೆನಾ ಸ್ಟೀಲಾ ಅಂತ ಭೇದ ಇಲ್ಲ. ನಿಮ್ಮ ಪುಣ್ಯ, ಹಳೇ ಮನೆ ಖಾತೆ ಇದೆ. ಆದ್ರೆ ಎಂಟು ಗುಂಟೇಲಿ ಖಾತೆ ಎಷ್ಟು ಜಾಗಕ್ಕಿದೆ ಅನ್ನೋದನ್ನ ಮೊದ್ಲು ನೋಡಿ, ಉಳಿದದ್ದು ಪಹಣೀಲಿ ಕೃಷಿ ಜಮೀನು ಅಂತಿದ್ರೆ ಅಲ್ಲಿ ವಾಸದ ಮನೆಗೆ 1964ರ ಭೂ ಕಂದಾಯ ಕಾಯ್ದೆ ಸೆಕ್ಷನ್ 95ರಲ್ಲಿ ಕನ್ವರ್ಷನ್ ಆಗ್ಬೇಕು. ಹಳೇ ಪಾಯದ ಜಾಗದಲ್ಲೇ ಹೊಸ ಮನೆ ಬಂದ್ರೆ ತಲೆನೋವು ಕಮ್ಮಿ. ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9, 11 ತೆಗೆಸಿಟ್ಕೊಳಿ, ಮೆಸ್ಕಾಂ ಮೀಟರಿಗೂ ದಾಖಲೆ ಕೇಳ್ತಾರೆ.

ಸಾಲ ಬೇಕಾಗಲ್ಲ ಅಂತೀರಿ, ಕೊನೇಲಿ ಒಂದೆರಡು ಲಕ್ಷ ಬೇಕೇ ಆಗುತ್ತೆ. ಬ್ಯಾಂಕು ಹೌಸಿಂಗ್ ಲೋನನ್ನ ಕೆಲಸ ಎಷ್ಟಾಗಿದೆ ನೋಡಿ ಹಂತ ಹಂತವಾಗಿ ಬಿಡುಗಡೆ ಮಾಡುತ್ತೆ, ಪಾಯ ಆಯ್ತು ಒಂದು ಕಂತು, ಗೋಡೆ ಆಯ್ತು ಇನ್ನೊಂದು. ಕಿಟ್ ಕಂಪನಿ ಲಾರಿ ಹೊರಡೋ ಮೊದಲೇ ಮುಕ್ಕಾಲು ದುಡ್ಡು ಕೇಳುತ್ತೆ. ಇವೆರಡೂ ಒಂದಕ್ಕೊಂದು ಹೊಂದಲ್ಲ.

ಇಲ್ಲಿ ಕೈಗೆಟುಕೋ ಮನೆ ಅಂತ ಮಾತು ಬಂತಲ್ಲ ಅದಕ್ಕೆ ಒಂದು ಮಾತು. ಪಿಎಂ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ ಕೇಂದ್ರದ ಲೆಕ್ಕದಲ್ಲಿ ಮನೆಗೆ 1.20 ಲಕ್ಷ, ಮೇಲೆ ಉದ್ಯೋಗ ಖಾತ್ರಿ ಕೂಲಿ, ಶೌಚಾಲಯಕ್ಕೆ 12,000. ಮನೆ ಕನಿಷ್ಠ 25 ಚದರ ಮೀಟರ್ ಇರ್ಬೇಕು, ಕಂಟ್ರಾಕ್ಟರ್‌ಗೆ ಕೊಡೋ ಹಾಗಿಲ್ಲ, ಫಲಾನುಭವಿನೇ ನಿಂತು ಕಟ್ಟಿಸ್ಕೊಬೇಕು. ಆ ದುಡ್ಡಲ್ಲಿ ಮನೆ ಎಬ್ಬಿಸೋಕೆ ಒದ್ದಾಡೋರನ್ನ ನಾನು ದಿನಾ ನೋಡ್ತೀನಿ. ಅವರಿಗೆ ಬೇಕಾಗಿರೋದು ಪಕ್ಕದೂರಲ್ಲೇ ಸಿಗೋ ಕಲ್ಲು, ಪಕ್ಕದ ಮನೆ ಮೇಸ್ತ್ರಿ, ಮುಂದೆ ಮಗನ ಮದುವೆ ಆದಾಗ ಒಂದು ಕೋಣೆ ಸೇರಿಸೋಕಾಗೋ ಮನೆ. ಎ-ಫ್ರೇಮಿಗೆ ಪಕ್ಕಕ್ಕೆ ಒಂದು ಕೋಣೆ ಸೇರಿಸಿ ನೋಡೋಣ, ಮಾಡನ್ನೇ ಕೊಯ್ಯಬೇಕು. ಬಡವರ ಮನೆ ಬೆಳೆಯೋದೇ ಹಾಗೆ, ಒಂದೊಂದೇ ಕೋಣೆಯಾಗಿ, ಆ ದಾರಿನೇ ಮುಚ್ಚೋ ಮನೆಯನ್ನ ಅಗ್ಗ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ತುಂಗಾತೀರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಕಂಪನಿಗೆ ಫೋನ್ ಮಾಡಿ 5 ಅಡಿ ಮೇಲಿನ ಜಾಗ ಎಷ್ಟು ಅಂತ ಕೇಳ್ದೆ, ಲೆಕ್ಕ ಹಾಕಿ ಹೇಳ್ತೀವಿ ಅಂದ್ರು, ಇನ್ನೂ ಹೇಳಿಲ್ಲ. ಜಿಎಸ್‌ಟಿ ಬೇರೆ ಅನ್ನೋದು ಹೌದು. ಹೆಂಡ್ತಿ ಮೇಲಿನದ್ದೆಲ್ಲ ಓದಿ ಅಡುಗೆಮನೆ ಎಲ್ಲಿ ಬರುತ್ತೆ ಅಂತ ಪೇಪರಲ್ಲಿ ಬರೆದು ತೋರಿಸಿದ್ಲು, ಒಲೆ ಮುಂದೆ ನಿಂತ್ರೆ ಹಣೆಗೆ ಮಾಡು ತಾಗುತ್ತೆ. ಸೋ ಕಿಟ್ ಬಿಟ್ವಿ.

ಆದ್ರೂ ಆ ಎತ್ತರದ ಮಾಡು, ಒಳಗೆ ನಿಂತು ತಲೆ ಎತ್ತಿದ್ರೆ ಸಿಗೋ ಆ ವಿಶಾಲ, ಅದು ಮಗಳಿಗೂ ನಂಗೂ ಬೇಕೇ ಬೇಕು. ಮೇಸ್ತ್ರಿಮಗ ಸರ್, ಅದನ್ನ ಉಳಿಸ್ಕೊಂಡು ನೇರ ಗೋಡೆನೂ ಬರೋ ಹಾಗೆ, ಗುಡ್ಡನೂ ಕಡೀದೆ ಏನಾದ್ರೂ ಮಾಡಬಹುದಾ?

ಮೇಸ್ತ್ರಿಮಗ_ಸಿವಿಲ್:

ಖಂಡಿತ ಆಗುತ್ತೆ ಸರ್. ಅದೇ 20 ಬೈ 24 ತಗೊಳಿ. ಎರಡೂ ಪಕ್ಕ 6 ಅಡಿ ಜಂಬಿಟ್ಟಿಗೆ ಗೋಡೆ ಏರಿಸಿ, ಅದರ ಮೇಲಿಂದ 45 ಡಿಗ್ರಿಗೆ ಮಾಡು ಎತ್ತಿ. ತುದಿ 16 ಅಡಿಗೆ ಹೋಗುತ್ತೆ, ಕಿಟ್‌ಗಿಂತ ಒಂದಡಿ ಚಿಲ್ರೆ ಮಾತ್ರ ಕಮ್ಮಿ, ಮಗಳು ಕೇಳಿದ ಎತ್ತರ ಅಲ್ಲೇ ಇದೆ. ಈಗ 7 ಅಡಿ ಎತ್ತರ ಸಿಗೋ ಜಾಗ 18 ಅಡಿ ಅಗಲ, ಅಂದ್ರೆ 430 ಚದರಡಿ, ಕಿಟ್‌ನಲ್ಲಿ ಇದೇ ಲೆಕ್ಕಕ್ಕೆ 290 ಕೂಡ ಇರ್ಲಿಲ್ಲ. ಬೀರು ಗೋಡೆಗೆ ಕೂರುತ್ತೆ. ಅಮ್ಮನ ಕೋಣೆ ಹಿಂದಿನ ಮೂಲೇಲಿ, ಅರ್ಧ ಮನೆಗೆ ಮಾತ್ರ ಅಟ್ಟ, ಅದರಲ್ಲಿ ಮಗಳು ಓದ್ಕೊಳ್ಳಲಿ, ಉಳಿದರ್ಧ ಮಾಡಿನ ತನಕ ತೆರೆದಿರಲಿ. ಮುಂದಿನ ತ್ರಿಕೋನಕ್ಕೆ ಗಾಜು ಬೇಕೇ ಬೇಕಂದ್ರೆ ಪೂರ್ವಕ್ಕೆ ಹಾಕಿ, ಅದರ ಮುಂದೆ 5 ಅಡಿ ಮಾಡು ಚಾಚಿ ಜಗಲಿ ಬಿಡಿ. ಪಶ್ಚಿಮದ ತ್ರಿಕೋನ ಪೂರ್ತಿ ಗೋಡೆ, ಮೇಲ್ಗಡೆ ಗಾಳಿಗೆ ಜಾಲರಿ ಮಾತ್ರ.

ಪಾಯಕ್ಕೆ ಹಳೇ ಮನೆ ಕಲ್ಲು ಎಷ್ಟು ಉಳಿದಿದೆ ಅಂತ ಎಣಿಸಿ, ಸುಮಾರು ಖರ್ಚು ಅಲ್ಲೇ ಕಮ್ಮಿ ಆಗುತ್ತೆ. ಇಳಿಜಾರಿಗೆ ತಕ್ಕ ಹಾಗೆ ಎರಡು ಮಟ್ಟದಲ್ಲಿ ನೆಲ ಮಾಡಿ, ಮುಂದಿನ ಅರ್ಧ ಎರಡು ಮೆಟ್ಟಿಲು ಕೆಳಗೆ ಬರಲಿ, ಅಮ್ಮನ ಕೋಣೆ, ಬಾತ್ರೂಮು, ಅಡುಗೆಮನೆ ಒಂದೇ ಮಟ್ಟದಲ್ಲಿರಲಿ. ಆಗ ಗುಡ್ಡದ ಕಡೆ ಅಗೆಯೋದೇ ಬೇಡ, ಹಿಂದೆ ಒಂದು ಚರಂಡಿ ಸಾಕು.

ಸೂರಿನಿಂದ ಬೀಳೋ ನೀರು ಗೋಡೆಗೆ ಹಾರದ ಹಾಗೆ ಮಾಡು 2 ಅಡಿ ಹೊರಗೆ ಬರ್ಲೇಬೇಕು, ಆಗ ಸೂರು 4 ಅಡಿ ಎತ್ತರಕ್ಕೆ ಇಳಿಯುತ್ತೆ, ಹಾಗಾಗಿ ಬಾಗಿಲು ಪಕ್ಕದಲ್ಲಿ ಇಡಬೇಡಿ, ಎರಡೂ ತುದೀಲೇ ಇರಲಿ. ಪಕ್ಕದ ಕಿಟಕಿ ತಗ್ಗಾಗಿ, ಕೂತೋರ ಕಣ್ಣಿನ ಮಟ್ಟಕ್ಕೆ ಬರಲಿ, ಅಡ್ಡಗಾಳಿಗೆ ಅಷ್ಟು ಸಾಕು. ಮತ್ತೆ 45 ಡಿಗ್ರಿಗೆ ಮಂಗಳೂರು ಹಂಚು ರೀಪಿನ ಮೇಲೆ ಸುಮ್ನೆ ಕೂರಿಸಿದ್ರೆ ಗಾಳಿಗೆ ಜಾರುತ್ತೆ, ಸಾಲಿಗೆ ಸಾಲು ತಂತೀಲಿ ಕಟ್ಟಿಸಿ ಅಥವಾ ಸ್ಕ್ರೂ ಹಾಕಿಸಿ. ಮಾಡು ಹೊರೋ ಪಕಾಸಿಗೆ ಸ್ಟೀಲ್ ಬಾಕ್ಸ್ ಪೈಪೇ ಹಾಕಿ, ಒಳ್ಳೇ ಮರ ಈಗ ಆ ರೇಟಿಗೆ ಸಿಗಲ್ಲ. ಖಾತೆ ಪ್ರತಿ, ಜಾಗದ ಫೋಟೋ, ನಾಲ್ಕೂ ಮೂಲೆಯ ಮಟ್ಟ ಎಷ್ಟೆಷ್ಟಿದೆ ಅನ್ನೋದು ಮೆಸೇಜ್ ಮಾಡಿ, ಒಂದು ಸ್ಕೆಚ್ ಹಾಕಿ ಕಳಿಸ್ತೀನಿ.